ನೀಲಿ ದಾರದ ಗುಂಡಿ

ಮಾರ್ಚ್ ೩, ಸೋಮವಾರ

ಉಸಿರು: ನಿಮಿಷಕ್ಕೆ ಮೂವತ್ತಾರು. ಮೂರು ಸಲ ಎಣಿಸಿದೆ. ಹಾಲು: ಆರು ಸಲ. ನಿದ್ದೆ: ಅವಳದು ಹನ್ನೊಂದು ಗಂಟೆ, ನನ್ನದು ಎರಡೂಕಾಲು.

ಈ ಪುಸ್ತಕ ಕೊಟ್ಟದ್ದು ಆರೋಗ್ಯ ಕೇಂದ್ರದ ನರ್ಸು. ಹಾಲು, ನಿದ್ದೆ ಎಂದು ಗೆರೆ ಎಳೆದುಕೊಟ್ಟು, "ಮೂರು ತಿಂಗಳು ಬರೀರಿ, ಸಾಕು" ಎಂದಿದ್ದರು. ಈಗ ಎಂಟು ತಿಂಗಳು. ನಾನಿನ್ನೂ ಬಿಟ್ಟಿಲ್ಲ. ಉಸಿರಿನ ಲೆಕ್ಕ ನಾನೇ ಸೇರಿಸಿಕೊಂಡದ್ದು. ರಸಾಯನಶಾಸ್ತ್ರ ಓದಿದವಳು ನಾನು. ಬರೆದಿಡದೆ ಹೋದರೆ ನಡೆದದ್ದೂ ನಡೆದಿಲ್ಲವೆನಿಸುತ್ತದೆ. ಅವಳು ನಿದ್ದೆ ಹೋದರೆ ಎದೆ ಏರಿಳಿಯುವುದನ್ನು ನೋಡುತ್ತಾ ಕೂರುತ್ತೇನೆ. ನೋಡುವುದು ಬಿಟ್ಟರೆ ನಿಂತೇಹೋದೀತು ಎಂದು ಹೆದರಿಕೆ. ಇವರಿಗೆ ಹೇಳಿದರೆ ನಗುತ್ತಾರೆ. ಇವರು ಲಿಫ್ಟ್ ಮೆಕ್ಯಾನಿಕ್. "ನಾನು ಹಿಡ್ಕೊಂಡು ನಿಂತಿದ್ರೆ ಮಾತ್ರ ಲಿಫ್ಟ್ ಓಡೋದು ಅಂದ್ಕೊಂಡ ಹಾಗಾಯ್ತು" ಎನ್ನುತ್ತಾರೆ. ಮಗಳನ್ನು ಕರೆಯುವುದು ಬೋಲ್ಟು ಎಂದು. ಅತ್ತೆಗೂ ಅದೇ ಅಭ್ಯಾಸವಾಗಿದೆ. ಹೆಣ್ಣುಮಗುವಿಗೆ ಆ ಹೆಸರೇ!

ಅತ್ತೆ ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಕತ್ತಿನಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ, ಮಾತೂ ಒಂದೊಂದು ಸಲ ಹಾಗೇ ಇರುತ್ತದೆ. ಮಗು ಅಂಬೆಗಾಲಿಡಲು ಶುರುಮಾಡಿದ ಮೇಲೆ ಗುಂಡಿ ಡಬ್ಬಗಳ ಬಗ್ಗೆ ನಾನು ಗೊಣಗಿದ್ದಕ್ಕೆ, ಬಾಗಿಲ ಬಳಿ ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆದು, "ಇದು ಗಡಿ ಕಣೇ ಬೋಲ್ಟು. ದಾಟಿದ್ರೆ ಅಳತೆ ತಗೊಂಡ್ಬಿಡ್ತೀನಿ" ಎಂದರು. ಡಬ್ಬಗಳೆಲ್ಲ ಅಟ್ಟಕ್ಕೆ ಹೋದವು. ಆದರೂ ನನಗೆ ಸಮಾಧಾನವಿಲ್ಲ.

ಇವತ್ತು ನನ್ನ ನೈಟಿ ನೋಡಿ, "ಮೂರನೇ ಗುಂಡಿ ಅಲ್ಲಾಡ್ತಿದೆ. ಬಿಚ್ಚಿ ಕೊಡು, ಎರಡು ಹೊಲಿಗೆ ಹಾಕ್ತೀನಿ" ಎಂದರು. ಆಮೇಲೆ ಎಂದೆ. ಹಾಲೂಡಿಸುವವಳಿಗೆ ಬಿಚ್ಚಿ ಕೊಡುವಷ್ಟು ಪುರುಸೊತ್ತು ಎಲ್ಲಿದೆ?

ಮಾರ್ಚ್ ೫, ಬುಧವಾರ

ಉಸಿರು: ಮೂವತ್ತೈದು. ಒಂದು ಸಲ ಮೂವತ್ತೊಂಬತ್ತು ಬಂತು. ಎಣಿಸುವಾಗ ನಾನೇ ತೂಕಡಿಸಿದೆನೋ ಏನೋ. ನನ್ನ ನಿದ್ದೆ: ಒಂದೂವರೆ.

ಶಾಲೆಯ ಟೀಚರೊಬ್ಬರು ಕೋಟು ಕೇಳಿಕೊಂಡು ಬಂದಿದ್ದರು. ಎರಡು ವಾರದಿಂದ ಬರುತ್ತಿದ್ದಾರೆ. "ಚಳಿ ಮುಗಿದ್ಮೇಲೆ ಕೊಡ್ತೀರಾ?" ಎಂದು ಅವರು, "ಮುಂದಿನ ಚಳಿಗೆ ನೀವೇ ಮೊದಲು" ಎಂದು ಅತ್ತೆ. ಹಿಂದೆಲ್ಲ ಹೇಳಿದ ದಿನಕ್ಕೆ ಕೊಡುತ್ತಿದ್ದರಂತೆ. ಈಚೆಗೆ ಅತ್ತೆ ಬೇಗ ದಣಿಯುತ್ತಾರೆ. ವಯಸ್ಸು ಐವತ್ತೆಂಟಲ್ಲವೇ.

ಗುಂಡಿಯ ಮಾತು ಮತ್ತೆ ಬಂತು. "ನಾಳೆ ಅತ್ತೆ" ಎಂದೆ.

ಮಾರ್ಚ್ ೬, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಹನ್ನೊಂದು ಗಂಟೆ. ಮಗುವಿಗೆ ಹಾಲು ಕೊಟ್ಟು ಚಾಪೆಯ ಮೇಲೆ ಕೂರಿಸಿ, ನೀರು ಕುಡಿಯಲು ಒಳಗೆ ಹೋದೆ. ಬಂದಾಗ ಮಗುವಿನ ಬಾಯಿ ತೆರೆದಿತ್ತು, ಸದ್ದಿಲ್ಲ. ಮುಖ ಕೆಂಪಾಗಿ ಆಮೇಲೆ ಕಪ್ಪಿಟ್ಟಿತು. ನಾನು ಕಿರುಚಿದೆ, ಕಿರುಚುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಅತ್ತೆ ಮೆಷಿನ್ನಿನಿಂದ ಎದ್ದು ಬಂದರು, ಮಗುವನ್ನು ಮುಂಗೈಯ ಮೇಲೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಬೆನ್ನಿಗೆ ತಟ್ಟಿದರು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಏನೋ ಅವರ ಅಂಗೈಗೆ ಬಿತ್ತು. ಮಗು ಅತ್ತಿತು.

ಮಗುವನ್ನು ಕಿತ್ತುಕೊಂಡೆ. ಅಂಗೈಯಲ್ಲಿ ಗುಂಡಿ ಇರುವುದಷ್ಟೇ ಕಂಡಿತ್ತು. "ನಿಮ್ಮ ಅಂಗಡಿ ಹಾಳಾಗಿಹೋಗ್ಲಿ! ಇವತ್ತು ನನ್ನ ಮಗು ಸತ್ತೇಹೋಗ್ತಿತ್ತು. ಇನ್ಮೇಲೆ ನೀವು ಅವಳನ್ನ ಮುಟ್ಟಬೇಡಿ" ಎಂದೆ.

ಅವರು ಅಂಗೈ ನೋಡಿದರು, ನನ್ನನ್ನು ನೋಡಿದರು, ಮುಷ್ಟಿ ಮುಚ್ಚಿಕೊಂಡರು. "ಆಯ್ತು ತಾಯಿ" ಎಂದು ಹೋಗಿ ಸ್ಟೂಲಿನ ಮೇಲೆ ಕೂತರು.

ಅರ್ಧ ಗಂಟೆಗೆಲ್ಲ ಕತ್ತರಿ ಬಿದ್ದ ಸದ್ದು. ಅತ್ತೆ ಎದೆ ಹಿಡಿದುಕೊಂಡು ಮೆಷಿನ್ನಿನ ಮೇಲೆ ಬಾಗಿದ್ದರು. ಬೆವರು ಇಳಿಯುತ್ತಿತ್ತು.

ಆಗಲೇ ಕೋಟಿನ ಟೀಚರ್ ಬಾಗಿಲಿಗೆ ಬಂದಿದ್ದರು. ಮಗುವನ್ನು ಅವರ ಕೈಗೆ ಕೊಟ್ಟು ನಾನು ಆಂಬುಲೆನ್ಸ್ ಹತ್ತಿದೆ.

ಮಾರ್ಚ್ ೭, ಶುಕ್ರವಾರ

ಮಗು ಚೆನ್ನಾಗಿದೆ. ನಿನ್ನೆಯೇ ಮಕ್ಕಳ ಡಾಕ್ಟರ್ ನೋಡಿದರು, ಗಂಟಲಿಗೆ ಏನೂ ಆಗಿಲ್ಲ. ಉಸಿರು ಎಣಿಸಲಿಲ್ಲ. ಎಣಿಸುವ ಯೋಗ್ಯತೆ ನನಗಿಲ್ಲ ಎನಿಸಿತು.

ಅತ್ತೆ ಬದುಕಿದ್ದಾರೆ. ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು.

ಹೃದಯದ ಡಾಕ್ಟರ್ ಗಿಡ್ಡನೆಯ ಹೆಂಗಸು, ಕಿವಿಯ ಸಂದಿಯಲ್ಲಿ ಪೆನ್ನು. ನಮ್ಮಿಬ್ಬರನ್ನೂ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ತಾವು ನಿಂತೇ ಹೇಳಿದರು: "ರಕ್ತನಾಳಗಳೆಲ್ಲ ಶುಚಿಯಾಗಿವೆ. ಎಲ್ಲೂ ಬ್ಲಾಕ್ ಇಲ್ಲ."

"ಮತ್ತೆ ನಿನ್ನೆ ಹಾರ್ಟ್ ಅಟ್ಯಾಕ್ ಅಂದ್ರಲ್ಲ ಮೇಡಂ?" ಎಂದರು ಇವರು.

"ಹಾಗೇ ಕಾಣತ್ತೆ, ಆದ್ರೆ ಅದಲ್ಲ. ಹೃದಯದ ಕೆಳಗಿನ ಭಾಗ ಬಲೂನಿನ ಹಾಗೆ ಉಬ್ಬಿ ನಿಂತ್ಕೊಂಡಿದೆ. ಮೇಲಿನ ಭಾಗ ಮಾತ್ರ ಕೆಲಸ ಮಾಡ್ತಿದೆ. ಬಾಯಿ ಕಿರಿದು, ಹೊಟ್ಟೆ ದಪ್ಪ, ಮಡಕೆ ಇರತ್ತಲ್ಲ, ಹಾಗೆ. ತುಂಬ ಭಯ, ದುಃಖ, ಆಘಾತ ಆದಾಗ ಕೆಲವರಿಗೆ ಹೀಗಾಗತ್ತೆ. ಅದರಲ್ಲೂ ಈ ವಯಸ್ಸಿನ ಹೆಂಗಸರಿಗೆ ಜಾಸ್ತಿ. ಸಾಮಾನ್ಯವಾಗಿ ಕೆಲವು ವಾರದಲ್ಲಿ ಸರಿಹೋಗತ್ತೆ. ಮೊದಲ ಕೆಲವು ದಿನ ಮಾತ್ರ ಹುಷಾರಾಗಿರಬೇಕು. ಮನೇಲಿ ಏನಾದ್ರೂ ಆಯ್ತಾ?"

"ಮಗು ಗುಂಡಿ ನುಂಗಿತ್ತು ಮೇಡಂ. ಅಮ್ಮನೇ ತೆಗೆದ್ರು" ಎಂದರು ಇವರು. ಅವರ ದನಿಯಲ್ಲಿ ಹೆಮ್ಮೆಯಿತ್ತು.

ಆಮೇಲೆ ಏನಾಯಿತೆಂದು ಹೇಳಬೇಕಾದವಳು ನಾನು. ನೆಲದ ಟೈಲ್ಸ್ ನೋಡುತ್ತಾ ಕೂತೆ. ಭಯವಾಗಿದ್ದರೆ ಮಗು ಅತ್ತಾಗಲೇ ಅದು ಇಳಿದಿರಬೇಕು. ಆ ಎದೆಯನ್ನು ಬಲೂನು ಮಾಡಿದ್ದು ನನ್ನ ಮಾತು.

ಮಾರ್ಚ್ ೮, ಶನಿವಾರ

ವಾರ್ಡಿನ ನರ್ಸು ಅತ್ತೆಯ ಸಾಮಾನಿನ ಪೊಟ್ಟಣ ಕೊಟ್ಟರು. ಕನ್ನಡಕ, ಉಂಗುರ, ಟೇಪು. "ಇದೊಂದು ಕೈಯಲ್ಲಿತ್ತು. ಮುಷ್ಟಿ ಬಿಡಿಸೋಕೆ ಇಬ್ಬರು ಬೇಕಾಯ್ತು ನೋಡಿ" ಎಂದು ಒಂದು ಗುಂಡಿ ಇಟ್ಟರು.

ಬಿಳಿ ಗುಂಡಿ, ನಾಲ್ಕು ತೂತು, ತೂತಿನಲ್ಲಿ ನೀಲಿ ದಾರದ ತುಣುಕು.

ಅತ್ತೆ ಬಿಳಿ ಗುಂಡಿಗೆ ನೀಲಿ ದಾರ ಹಾಕುವವರಲ್ಲ. ಹೋದ ತಿಂಗಳು ಕೈಗೆ ಸಿಕ್ಕ ದಾರದಲ್ಲಿ ನಾನೇ ಹೊಲಿದಿದ್ದೆ. ಮೈಮೇಲಿದ್ದ ಅದೇ ನೈಟಿಯ ಮೇಲೊಂದು ಶಾಲು ಹೊದ್ದು ಆಸ್ಪತ್ರೆಗೆ ಬಂದಿದ್ದೆ. ಶಾಲು ಸರಿಸಿ ನೋಡಿಕೊಂಡೆ. ಮೂರನೇ ಗುಂಡಿ ಇರಲಿಲ್ಲ.

ಒಳಗೆ ಹೋಗಲು ಬಿಟ್ಟಾಗ ಗುಂಡಿಯನ್ನು ಅವರ ಹಾಸಿಗೆಯ ಮೇಲಿಟ್ಟೆ.

"ನಿಮಗೆ ಆಗಲೇ ಗೊತ್ತಾಗಿತ್ತಾ?"

"ಮೂವತ್ತು ವರ್ಷ ಹೊಲಿದವಳಿಗೆ ಗುಂಡಿ ಗುರುತು ಸಿಗಲ್ವಾ?" ಮೂಗಿನಲ್ಲಿ ಆಮ್ಲಜನಕದ ನಳಿಕೆಯಿಟ್ಟುಕೊಂಡೇ ನಕ್ಕರು.

"ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ನೀನೂ ಬಿದ್ದಿರ್ತಿದ್ದೆ. ಮನೇಲಿ ಒಬ್ಬರು ಬಿದ್ರೆ ಸಾಕಲ್ಲ."

ಕ್ಷಮಿಸಿ ಎನ್ನಬೇಕು ಎಂದುಕೊಂಡೆ. ಗಂಟಲಿನಿಂದ ಬರಲಿಲ್ಲ. ನರ್ಸು ಹೊತ್ತಾಯಿತೆಂದರು.

ಮಾರ್ಚ್ ೧೦, ಸೋಮವಾರ

ಅತ್ತೆಯನ್ನು ಸಾಮಾನ್ಯ ವಾರ್ಡಿಗೆ ತಂದರು. ಟೀಚರ್ ಮಗುವನ್ನು ಎತ್ತಿಕೊಂಡು ಬಂದಿದ್ದರು. ಶಾಲೆಗೆ ರಜೆ ಹಾಕಿದ್ದಾರೆ. ಕೇಳಿದರೆ "ಕೋಟು ಬೇಕಲ್ಲಮ್ಮ, ಅದಕ್ಕೇ ಕಾಯ್ತಿದೀನಿ" ಎನ್ನುತ್ತಾರೆ. ಮಗು ಅಜ್ಜಿಯನ್ನು ನೋಡಿದ್ದೇ ತಡ, ಎರಡೂ ಕೈ ಚಾಚಿತು. ಅತ್ತೆ ನಗುತ್ತಾ ತಮ್ಮ ಕೈಗಳನ್ನು ಹೊದಿಕೆಯ ಕೆಳಗೆ ಸೇರಿಸಿಕೊಂಡರು.

ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ.

ಸಂಜೆ ಡಾಕ್ಟರ್ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. "ಅಮ್ಮಾ, ಒಂದು ಮಾತು ಕೇಳ್ತೀನಿ, ಹೆದರ್ಬೇಡಿ. ಹೀಗೆ ಹೃದಯ ಬಳಲಿದವರಲ್ಲಿ ಕೆಲವರಿಗೆ ಮೈಯಲ್ಲಿ ಬೇರೆಲ್ಲೋ ಕ್ಯಾನ್ಸರ್ ಇರೋದು ಕಾಣತ್ತೆ. ಬೇರೆಯವರಿಗಿಂತ ಇವರಲ್ಲಿ ಜಾಸ್ತಿ. ಎಲ್ಲರಿಗೂ ಅಲ್ಲ. ಆದ್ರೂ ನಾನು ಎಲ್ಲರನ್ನೂ ಕೇಳಿಯೇ ಕಳಿಸೋದು. ತೂಕ ಇಳಿದಿದೆಯಾ? ಸುಸ್ತು? ಎಲ್ಲಾದ್ರೂ ಗಂಟು?"

"ಗಂಟಾ? ನನ್ನ ಹತ್ತಿರ ಇರೋದು ದಾರದ ಗಂಟು ಅಷ್ಟೇ ಡಾಕ್ಟ್ರೇ."

ಡಾಕ್ಟರ್ ನಕ್ಕರು. ಇವರೂ ನಕ್ಕರು. ನಾನು ಅತ್ತೆಯ ಎಡಗೈ ನೋಡುತ್ತಿದ್ದೆ. ಹೊದಿಕೆಯ ಕೆಳಗೆ ಅದು ಪಕ್ಕೆಗೆ ಅಂಟಿಕೊಂಡಿತ್ತು, ಕಂಕುಳಲ್ಲಿ ಏನನ್ನೋ ಬಚ್ಚಿಟ್ಟುಕೊಂಡ ಹಾಗೆ. ಎದೆ ಒಡೆಯುವ ಹೊತ್ತಿನಲ್ಲೂ ಮುಷ್ಟಿ ಬಿಡದೆ ಗುಂಡಿ ಮುಚ್ಚಿಟ್ಟವರು ಇವರು. ಇನ್ನೇನು ಮುಚ್ಚಿಟ್ಟಿರಬಹುದು?

ಮಾರ್ಚ್ ೧೧, ಮಂಗಳವಾರ

ಉಸಿರು: ಮೂವತ್ತನಾಲ್ಕು.

ಅತ್ತೆಗೆ ಬದಲಿ ಬಟ್ಟೆ ತರಲು ಮನೆಗೆ ಬಂದೆ. ಕಪಾಟಿನಲ್ಲಿ ಅವರ ಅಂಗಿಗಳು ಒಪ್ಪವಾಗಿ ಮಡಿಸಿದ್ದವು. ಮೊದಲನೆಯದನ್ನು ತೆಗೆದು ಜಾಡಿಸಿದೆ. ಏನೋ ಸರಿಯಿಲ್ಲ ಎನಿಸಿತು. ಕಿಟಕಿಯ ಬಳಿ ಒಯ್ದು ಒಳಮಗ್ಗುಲು ತಿರುಗಿಸಿದೆ. ಎಡ ಕಂಕುಳಿನ ಹೊಲಿಗೆ ಬಿಚ್ಚಿ, ಒಳಗೆ ಎಲೆಯಾಕಾರದ ಮೆತ್ತನೆ ಬಟ್ಟೆಯ ತುಂಡು ಸೇರಿಸಿ ಮತ್ತೆ ಹೊಲಿದಿತ್ತು. ಬಲಗಡೆ ಹಾಗಿರಲಿಲ್ಲ. ಎರಡನೆಯದನ್ನು ತೆಗೆದೆ, ಅದೂ ಹಾಗೇ. ಆರು ಅಂಗಿ. ಆರಕ್ಕೂ ಎಡಗಡೆ ಮಾತ್ರ ತೇಪೆ. ಎಷ್ಟು ಅಚ್ಚುಕಟ್ಟಾಗಿದೆ ಎಂದರೆ ಹೊರಗಿನಿಂದ ನೋಡಿದರೆ ಏನೂ ಕಾಣದು. ಕೊನೆಯದರಲ್ಲಿ ತುಂಡು ಎಲ್ಲಕ್ಕಿಂತ ಅಗಲ.

ಅಳತೆ ಪುಸ್ತಕ ತೆಗೆದೆ. ಗಿರಾಕಿಗಳಿಗೆಲ್ಲ ಒಂದೊಂದು ಪುಟ. ಟೀಚರ್ ಪುಟದ ಮೇಲೆ "ಅವಸರ" ಎಂದು ಬರೆದು ಕೆಳಗೆ ಗೆರೆ ಎಳೆದಿದೆ. ಕೊನೆಯ ಹಾಳೆಯ ತಲೆಗೆ "ನಾನು" ಎಂದಿತ್ತು. ಎದೆ, ಸೊಂಟ, ತೋಳು. ಕೆಳಗೆ ಸಣ್ಣ ಅಕ್ಷರದಲ್ಲಿ: ಎಡ ಕಂಕುಳು, ಕಾಲಂಗುಲ ಬಿಡಬೇಕು. ಎರಡು ತಿಂಗಳ ಮೇಲೆ: ಅರ್ಧ. ಜನವರಿಯಲ್ಲಿ: ಮುಕ್ಕಾಲು. ಅದೇ ಸಾಲಿನಲ್ಲಿ ಸೊಂಟ ಎರಡು ಅಂಗುಲ ಇಳಿದಿತ್ತು.

ಮೊದಲ ಕಾಲಂಗುಲದ ತಾರೀಕು ನೋಡಿದೆ. ಮಗು ಹುಟ್ಟಿ ಹನ್ನೆರಡನೆಯ ದಿನ.

ನನಗೆ ತಾಯಿಯಿಲ್ಲ. ಹೆರಿಗೆಯಾದ ಮೇಲೆ ನನಗೆ ಸ್ನಾನ ಮಾಡಿಸಿದ್ದು, ಹೊಟ್ಟೆಗೆ ಹಾಕಿದ್ದು, ಮಗುವನ್ನು ಹೊತ್ತು ತಿರುಗಿದ್ದು ಅತ್ತೆಯೇ. ಆ ಎಡಗೈಯಲ್ಲೇ ಹೊತ್ತಿದ್ದು. ಯಾವ ಗಿರಾಕಿಯ ಮೈ ಹೇಗೆ ಬದಲಾದರೂ ಅತ್ತೆ ಯಾಕೆಂದು ಕೇಳುವುದಿಲ್ಲ. "ಮೈಯನ್ನ ತಿದ್ದೋದು ನಮ್ಮ ಕೆಲಸ ಅಲ್ಲ, ಬಟ್ಟೆ ತಿದ್ದೋದು" ಎನ್ನುತ್ತಾರೆ. ತಮ್ಮ ಮೈಗೂ ಅದನ್ನೇ ಮಾಡಿಕೊಂಡಿದ್ದಾರೆ.

ಅಂಗಿ ಹಿಡಿದುಕೊಂಡು ನೆಲದ ಮೇಲೆ ಕೂತೆ. ಮಗು ಸೀಮೆಸುಣ್ಣದ ಗೆರೆಯ ಆಚೆ ಕೂತು ನನ್ನನ್ನೇ ನೋಡುತ್ತಿತ್ತು.

ಮಾರ್ಚ್ ೧೨, ಬುಧವಾರ

ಅಂಗಿಯನ್ನು ಒಳಮಗ್ಗುಲು ಮಾಡಿಯೇ ಅವರ ಮಡಿಲಿಗೆ ಹಾಕಿದೆ.

ಅತ್ತೆ ತೇಪೆಯ ಅಂಚನ್ನು ಉಗುರಿನಿಂದ ಸವರಿದರು. ಆಮೇಲೆ, "ಹೊಲಿಗೆ ಹೇಗಿದೆ?" ಎಂದರು.

"ಅತ್ತೆ!"

"ನೋಯ್ತಿರ್ಲಿಲ್ಲ ಕಣೇ. ನೋವಿಲ್ಲದಿದ್ದರೆ ಏನಿಲ್ಲ ಅಂದ್ಕೊಂಡೆ. ನೀನು ಹಸಿಮೈ ಬಾಣಂತಿ, ನಿದ್ದೆ ಇಲ್ಲ, ಮಗೂನ ಒಂದು ಕ್ಷಣ ಕೆಳಗಿಳಿಸ್ತಿರ್ಲಿಲ್ಲ. ಈ ಬೋಲ್ಟು ಕೂತ್ಕೊಳ್ಳೋ ಹಾಗೆ ಆಗ್ಲಿ, ತೋರಿಸೋಣ ಅಂದ್ಕೊಂಡೆ. ಕೂತ್ಲು. ತೆವಳ್ಲಿ ಅಂದ್ಕೊಂಡೆ."

"ಆಮೇಲೆ ನಡೀಲಿ, ಶಾಲೆಗೆ ಹೋಗ್ಲಿ, ಮದುವೆ ಆಗ್ಲಿ ಅಂತಿದ್ರಾ?" ದನಿ ಏರಿತ್ತು ಎಂದು ಕಾಣುತ್ತದೆ. ಪಕ್ಕದ ಹಾಸಿಗೆಯವರು ತಿರುಗಿದರು. ನನಗೇ ಹೆದರಿಕೆಯಾಗಿ ಅವರ ಎದೆಗೆ ಅಂಟಿಸಿದ್ದ ವಯರುಗಳನ್ನು ನೋಡಿದೆ.

"ಕಿರುಚು, ಪರವಾಗಿಲ್ಲ. ಆಸ್ಪತ್ರೇಲೇ ಇದೀವಲ್ಲ" ಎಂದರು ಅತ್ತೆ.

ನಗು ಬಂತು, ಅದರ ಹಿಂದೆಯೇ ಅಳು. ಡಾಕ್ಟರನ್ನು ನಾನೇ ಹೋಗಿ ಕರೆತಂದೆ. ಅಂಗಿಯನ್ನೂ ತೋರಿಸಿದೆ. ಅವರು ತೇಪೆಯ ಮೇಲೆ ಬೆರಳಾಡಿಸಿ, "ನಮ್ಮ ಸ್ಕ್ಯಾನ್ ಕೂಡ ಇಷ್ಟು ನೀಟಾಗಿ ತೋರಿಸಲ್ಲ" ಎಂದರು. ಆಮೇಲೆ ಪರದೆ ಎಳೆದರು.

ಮಾರ್ಚ್ ೧೪, ಶುಕ್ರವಾರ

ಅತ್ತೆ ಮನೆಗೆ ಬಂದರು. ಸೂಜಿ ಹಾಕಿ ಗಂಟಿನಿಂದ ತುಣುಕು ತೆಗೆದಿದ್ದಾರೆ. "ಜೀವಮಾನವೆಲ್ಲ ಬಟ್ಟೆಗೆ ಚುಚ್ಚಿದೆ, ಅದು ಸೇಡು ತೀರಿಸ್ಕೊಂಡಿತು" ಎಂದು ಅತ್ತೆ.

ಫಲಿತಾಂಶಕ್ಕೆ ಆರು ದಿನ ಬೇಕಂತೆ.

ಮಾರ್ಚ್ ೧೭, ಸೋಮವಾರ

ಕಾಯುತ್ತಿದ್ದೇವೆ. ಮಗುವಿಗೆ ಹಲ್ಲು ಬಂದಿದೆ.

ಮಾರ್ಚ್ ೨೦, ಗುರುವಾರ

ಕ್ಯಾನ್ಸರ್.

ಮಾರ್ಚ್ ೨೧, ಶುಕ್ರವಾರ

ನಿನ್ನೆ ಆ ಒಂದು ಪದದ ಮುಂದೆ ಕೈ ಓಡಲಿಲ್ಲ. ಇವತ್ತು ಬರೆಯುತ್ತೇನೆ, ಯಾಕೆಂದರೆ ಅದರ ಮುಂದೆಯೂ ಮಾತಿದೆ.

ಎಡ ಸ್ತನದ ಅಂಚಿನಲ್ಲಿ, ಕಂಕುಳಿನ ಹತ್ತಿರ. ಎರಡನೇ ಹಂತ. ಮೈಯ ಬೇರೆಲ್ಲೂ ಹರಡಿಲ್ಲ. ಇದನ್ನು ಹೇಳಿದ್ದು ಕ್ಯಾನ್ಸರ್ ಡಾಕ್ಟರ್, ಎತ್ತರದ ಮನುಷ್ಯ, ಮೆಲುದನಿ. ಗಿಡ್ಡ ಡಾಕ್ಟರೂ ಅವರ ಕೋಣೆಗೇ ಬಂದಿದ್ದರು. ಒಂದೇ ಮೇಜಿನ ಆಚೆ ಇಬ್ಬರೂ. "ಇವರ ಹೃದಯ ಮೊದಲಿನ ಹಾಗಾಗೋವರೆಗೂ ನೀವು ಕತ್ತಿ ಮುಟ್ಟೋ ಹಾಗಿಲ್ಲ" ಎಂದು ಗಿಡ್ಡ ಡಾಕ್ಟರ್. "ತುಂಬ ದಿನ ಕಾಯಿಸೋ ಹಾಗಿಲ್ಲ" ಎಂದು ಎತ್ತರದ ಡಾಕ್ಟರ್. ಕೋಟಿನ ವಿಚಾರದಲ್ಲಿ ಟೀಚರ್ ಮತ್ತು ಅತ್ತೆ ಚೌಕಾಸಿ ಮಾಡಿದ ಹಾಗಿತ್ತು. ಕೊನೆಗೆ ನಾಲ್ಕು ವಾರ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಹೃದಯ ಚೇತರಿಸಿಕೊಳ್ಳಬೇಕು. ಗಂಟು ಬೆಳೆಯದಂತೆ ಮಾತ್ರೆ ಇವತ್ತಿನಿಂದಲೇ ಶುರು.

ಎಲ್ಲರೂ ಎದ್ದ ಮೇಲೆ ನಾನು ಗಿಡ್ಡ ಡಾಕ್ಟರ ಹಿಂದೆ ಹೋದೆ. ಲಿಫ್ಟಿನ ಬಾಗಿಲಲ್ಲಿ ನಿಲ್ಲಿಸಿ ಹೇಳಿಬಿಟ್ಟೆ. ಗುಂಡಿ, ಮುಟ್ಟಬೇಡಿ ಎಂದದ್ದು, ಎಲ್ಲ. ಇವರೂ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ನನ್ನ ಮಾತಿಂದಲೇ ಆಗಿದ್ದಾ ಡಾಕ್ಟರ್?"

ಅವರು ಕಿವಿಯಿಂದ ಪೆನ್ನು ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು. "ಮಾತು ತಾಗಿರತ್ತೆ, ಇಲ್ಲ ಅನ್ನಲ್ಲ. ಮಗು ಕಪ್ಪಾಗಿದ್ದೂ ತಾಗಿರತ್ತೆ. ಏಳೆಂಟು ತಿಂಗಳು ಒಬ್ಬರೇ ಆ ಗುಟ್ಟು ಹೊತ್ತಿದ್ದೂ ತಾಗಿರತ್ತೆ. ಕ್ಯಾನ್ಸರ್ ತಾನಾಗೇ ಮೈಯನ್ನ ಹೃದಯ ಸೋಲೋ ಹಾಗೆ ಮಾಡಿತ್ತೋ ಏನೋ. ಎರಡಕ್ಕೂ ನಂಟಿದೆ ಅಂತ ಗೊತ್ತು. ಯಾವ ದಾರ ಎಲ್ಲಿಂದ ಬಂತು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ನೀವೊಬ್ಬರೇ ಹೊತ್ಕೋಬೇಡಿ."

ಲಿಫ್ಟ್ ಬಂತು. ಮೂರು ಮಹಡಿ ಇಳಿಯುವವರೆಗೆ ಇವರು ನನ್ನ ಕೈ ಹಿಡಿದುಕೊಂಡಿದ್ದರು. ಕೆಳಗೆ ಬಂದ ಮೇಲೆ, "ಈ ಲಿಫ್ಟಿಗೆ ಎಣ್ಣೆ ಬೇಕು" ಎಂದರು. ಕಣ್ಣು ಒದ್ದೆಯಾಗಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಕೂತು, "ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು" ಎಂದೆ. ಹದಿನೈದು ದಿನದಿಂದ ಗಂಟಲಲ್ಲಿದ್ದದ್ದು. ಬೆನ್ನಿಗೆ ತಟ್ಟುವವರಿಲ್ಲದೆ ನಾನೇ ಕಕ್ಕಿದೆ.

"ನೀನು ಅವತ್ತು ಕಿರುಚದೇ ಇದ್ದಿದ್ರೆ, ನಾನು ಇನ್ನೂ ಒಂದು ತೇಪೆ ಹಾಕ್ಕೊಂಡು ಕೂತಿರ್ತಿದ್ದೆ. ಆ ತೇಪೆ ಎಷ್ಟು ಅಗಲ ಆಗಿರ್ತಿತ್ತೋ." ನನ್ನ ಕಣ್ಣೊರೆಸಿ, "ಹಾಗಂತ ದಿನಾ ಕಿರುಚಬೇಡ" ಎಂದರು.

ಮಗುವನ್ನು ಎತ್ತಿ ಅವರ ಮಡಿಲಲ್ಲಿ ಕೂರಿಸಿದೆ. ಅವರ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಹಿಡಿದುಕೊಂಡರು.

ಏಪ್ರಿಲ್ ೨, ಬುಧವಾರ

ಬರೆಯದೆ ಹನ್ನೆರಡು ದಿನವಾಗಿದೆ. ಪುರುಸೊತ್ತಿಲ್ಲ. ಟೀಚರ್ ಕೋಟು ಮುಗಿಸಲೇಬೇಕೆಂದು ಅತ್ತೆಯ ಹಟ. ಎಡಗೈ ಎತ್ತಬೇಡಿ, ದಣಿಯಬೇಡಿ ಎಂದು ಡಾಕ್ಟರ ಹಟ. ಹಾಗಾಗಿ ಕೂತಲ್ಲಿಂದ ಅವರು ಹೇಳುತ್ತಾರೆ, ನಾನು ಹೊಲಿಯುತ್ತೇನೆ. ನಾಲ್ಕನೇ ಗುಂಡಿ ಕೂದಲೆಳೆಯಷ್ಟು ಕೆಳಗೆ ಬಂತೆಂದು ಮೂರು ಸಲ ಬಿಚ್ಚಿಸಿದರು.

"ಕೋಟಿನೊಳಗಿರೋರಿಗೇ ಗೊತ್ತಾಗಲ್ಲ ಅತ್ತೆ."

"ನನಗೆ ಗೊತ್ತಾಗತ್ತೆ. ಬಿಚ್ಚು."

ಬೋಲ್ಟು ಪಕ್ಕದ ಕೋಣೆಯಲ್ಲಿ ಟೀಚರ್ ಜೊತೆ ಆಡುತ್ತಿದ್ದಳು. ಮಧ್ಯಾಹ್ನವೆಲ್ಲ ಒಂದು ಸಲವೂ ನಾನು ಎದ್ದು ನೋಡಲಿಲ್ಲ. ನಾಲ್ಕನೇ ಗುಂಡಿ ಅಷ್ಟು ಕಾಡಿಸಿತು.

ಏಪ್ರಿಲ್ ೧೭, ಗುರುವಾರ

ಹೃದಯದ ಸ್ಕ್ಯಾನ್ ಆಯಿತು. ಪರದೆ ತಿರುಗಿಸಿ ತೋರಿಸಿದರು. ಮಾರ್ಚಿನ ಚಿತ್ರದಲ್ಲಿ ಕೆಳಗಿನ ಭಾಗ ಸುಮ್ಮನೆ ಉಬ್ಬಿ ನಿಂತಿತ್ತು. ಇವತ್ತು ಪೂರ್ತಿ ಹೃದಯ ಒಟ್ಟಿಗೆ ಮುದುಡಿ, ಒಟ್ಟಿಗೆ ಅರಳುತ್ತಿತ್ತು. ಮಗು ಮುಷ್ಟಿ ಮುಚ್ಚಿ ಬಿಡಿಸುತ್ತದಲ್ಲ, ಹಾಗೆ. ಇಂಥ ಚೆಂದದ ವಸ್ತುವನ್ನು ನಾನು ಬೇರೆಲ್ಲೂ ನೋಡಿಲ್ಲ.

"ಕಳಿಸ್ಬಹುದು" ಎಂದು ಗಿಡ್ಡ ಡಾಕ್ಟರ್ ಫೋನಿನಲ್ಲಿ ಎತ್ತರದ ಡಾಕ್ಟರಿಗೆ ಹೇಳಿದರು. ಅತ್ತೆ ಅವರಿಗೆ ಕೈಮುಗಿದು, "ನೀವು ಗಂಟಿದೆಯಾ ಅಂತ ಕೇಳಿದ್ರಲ್ಲ, ಸುಳ್ಳು ಹೇಳ್ಬಿಟ್ಟಿದ್ದೆ" ಎಂದರು. "ನನಗೆ ರೂಢಿ ಅಮ್ಮಾ. ನಿಜ ಹೇಳೋ ಸೊಸೆ ಇರ್ಲಿ ಅಂತ ಮನೆಯವರ ಮುಂದೇನೇ ಕೇಳ್ತೀನಿ" ಎಂದರು ಅವರು.

ಏಪ್ರಿಲ್ ೨೨, ಮಂಗಳವಾರ

ಆಪರೇಷನ್ ಆಯಿತು. ಗಂಟು, ಅದರ ಸುತ್ತ ಒಂದಿಷ್ಟು, ಕಂಕುಳಿನ ಕೆಲವು ಗ್ರಂಥಿ. ಹೃದಯ ಪೂರ್ತಿ ಹೊತ್ತು ಸಮ ನಡೆದಿತ್ತಂತೆ.

ಎಚ್ಚರವಾದ ಮೇಲೆ ಅತ್ತೆ ಬ್ಯಾಂಡೇಜ್ ಅಂಚು ಸರಿಸಿ ನೋಡಿಕೊಳ್ಳಲು ಹೋಗಿ ನರ್ಸಿನಿಂದ ಬೈಸಿಕೊಂಡರು. ಹೊಲಿಗೆ ಯಾವ ತರಹದ್ದು ಎಂದು ತಿಳಿಯಬೇಕಿತ್ತಂತೆ.

ಮೇ ೬, ಮಂಗಳವಾರ

ವರದಿ ಬಂತು. ಅಂಚುಗಳೆಲ್ಲ ಶುದ್ಧ. ಗ್ರಂಥಿಗಳಲ್ಲಿ ಒಂದರಲ್ಲಿ ಮಾತ್ರ ಇತ್ತು, ಅದನ್ನೂ ತೆಗೆದಾಗಿದೆ. ಕೀಮೋ ಬೇಡವೆಂದು ಇಬ್ಬರು ಡಾಕ್ಟರುಗಳೂ ಸೇರಿ ನಿರ್ಧರಿಸಿದರು. ಐದು ವರ್ಷ ಮಾತ್ರೆ, ಮುಂದಿನ ತಿಂಗಳಿನಿಂದ ಮೂರು ವಾರ ವಿಕಿರಣ.

ಯಾರಿಗೆ ಎಷ್ಟು ಹೇಳಬೇಕೋ ತಿಳಿಯುತ್ತಿಲ್ಲ. ಗಿಡ್ಡ ಡಾಕ್ಟರಿಗೆ, ಮುಷ್ಟಿ ಬಿಡಿಸಿದ ಇಬ್ಬರು ನರ್ಸುಗಳಿಗೆ, ರಜೆ ಹಾಕಿದ ಟೀಚರಿಗೆ. ಟೀಚರ್ ಇವತ್ತು ಆ ಬಿಸಿಲಿನಲ್ಲಿ ಕೋಟು ಹಾಕಿಕೊಂಡೇ ಬಂದಿದ್ದರು, ಬೆವರುತ್ತಾ. ಅವರನ್ನು ನೋಡಿ ಅತ್ತೆ ಎಷ್ಟು ನಕ್ಕರೆಂದರೆ ಗಾಯದ ಮೇಲೆ ಕೈಯಿಟ್ಟುಕೊಂಡು "ಹೋಗಿ ಆಚೆ" ಎಂದು ಅವರನ್ನು ಕಳಿಸಬೇಕಾಯಿತು.

ಮತ್ತೆ ಆ ಸಡಿಲ ಗುಂಡಿಗೆ? ಅದಕ್ಕೆ ಕೃತಜ್ಞತೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದು ಮಗುವಿನ ಗಂಟಲಲ್ಲಿತ್ತು. ಅದನ್ನು ಹೊರಗೆ ತೆಗೆದ ಕೈಗೆ ಹೇಳುತ್ತೇನೆ.

ಜೂನ್ ೧, ಭಾನುವಾರ

ಉಸಿರು: ಇಪ್ಪತ್ತೇಳು ಸೆಕೆಂಡು. ಅತ್ತೆಯದು.

ನಾಳೆಯಿಂದ ವಿಕಿರಣ. ಎಡಗಡೆಯಾದ್ದರಿಂದ ಕಿರಣದ ದಾರಿಯಲ್ಲೇ ಹೃದಯವಿದೆ. ಅದಕ್ಕೊಂದು ಉಪಾಯ ಹೇಳಿಕೊಟ್ಟಿದ್ದಾರೆ. ಎದೆ ತುಂಬ ಉಸಿರೆಳೆದು ಹಿಡಿದುಕೊಂಡರೆ ಶ್ವಾಸಕೋಶ ಉಬ್ಬಿ ಹೃದಯವನ್ನು ಹಿಂದಕ್ಕೂ ಕೆಳಕ್ಕೂ ಸರಿಸುತ್ತದಂತೆ. ಅಷ್ಟು ಹೊತ್ತಿನಲ್ಲಿ ಕಿರಣ ಹಾಯಿಸಿ ಮುಗಿಸುತ್ತಾರೆ. ಇಪ್ಪತ್ತೈದು ಸೆಕೆಂಡು ಹಿಡಿಯಬೇಕು. ವಾರದ ಹಿಂದೆ ಅತ್ತೆಗೆ ಹನ್ನೊಂದಕ್ಕೇ ಕೆಮ್ಮು ಬರುತ್ತಿತ್ತು.

"ಸುಮ್ನೆ ಗಡಿಯಾರ ನೋಡ್ತಾ ಹಿಡಿಯೋಕಾಗಲ್ಲ. ಒಂದು ಕೆಲಸ ಕಣ್ಮುಂದೆ ಇರ್ಬೇಕು" ಎಂದರು ಇವತ್ತು. ಎದ್ದು ಹೋಗಿ ಅಳತೆ ಪುಸ್ತಕದ ಹಾಳೆಗಳ ನಡುವಿನಿಂದ ಕಾಗದದ ಪೊಟ್ಟಣವೊಂದನ್ನು ತಂದರು. ಒಳಗೆ ಆ ಗುಂಡಿ, ಅದೇ ನೀಲಿ ದಾರದ ತುಣುಕಿನೊಂದಿಗೆ. "ನೈಟಿ ತಾ. ಮಾರ್ಚಿಂದ ಪಿನ್ನು ಚುಚ್ಕೊಂಡು ಓಡಾಡ್ತಿದೀಯ, ದರ್ಜಿ ಮನೆ ಸೊಸೆ!"

ಕಿಟಕಿಯ ಬೆಳಕಿಗೆ ಅವರು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಹಳೆಯ ನೀಲಿ ಎಳೆ ಕಿತ್ತು ಬಿಳಿ ದಾರ ಪೋಣಿಸಿದೆ.

"ನಾನು ಉಸಿರೆಳೆದ ತಕ್ಷಣ ಸೂಜಿ ಹಾಕು. ನೀನು ಮುಗಿಸಿ ದಾರ ಕಡಿಯೋವರೆಗೂ ಬಿಡಲ್ಲ. ನಿಧಾನ ಮಾಡಿದ್ರೆ ನಾನು ಸತ್ತೆ."

"ಅವಸರ ಮಾಡಿದ್ರೆ ಮಗು ನುಂಗತ್ತೆ" ಎಂದೆ. ಈ ಮಾತನ್ನು ತಮಾಷೆಯಾಗಿ ಆಡುವ ದಿನ ಬಂತಲ್ಲ!

ಉಸಿರೆಳೆದರು. ಕತ್ತಿನ ಟೇಪು ಎದೆಯ ಮೇಲೆ ಮೇಲೆದ್ದಿತು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಅಡ್ಡಕ್ಕೆ, ಮತ್ತೆ ಅಡ್ಡಕ್ಕೆ. ಬುಡಕ್ಕೆ ಮೂರು ಸುತ್ತು. ನಾನು ತಲೆಯೆತ್ತಲಿಲ್ಲ. ಅವರ ಎದೆಯೊಳಗೆ ಹೃದಯ ಹಿಂದೆ ಸರಿದು ಜಾಗ ಬಿಟ್ಟುಕೊಡುತ್ತಿರುವುದು ಕಣ್ಣಿಗೆ ಕಟ್ಟಿತು. ಗಂಟು ಹಾಕಿ ಹಲ್ಲಿನಿಂದ ದಾರ ಕಡಿದೆ.

ಸದ್ದಿಲ್ಲ. ತಲೆಯೆತ್ತಿದರೆ ಅತ್ತೆ ಇನ್ನೂ ಬಿಟ್ಟಿರಲಿಲ್ಲ. ಕೆನ್ನೆಯುಬ್ಬಿಸಿಕೊಂಡು, ಕಣ್ಣರಳಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಬೋಲ್ಟು ಬಾಗಿಲ ಚೌಕಟ್ಟು ಹಿಡಿದುಕೊಂಡು ತನ್ನ ಕಾಲ ಮೇಲೆ ತಾನೇ ನಿಂತಿದ್ದಳು, ಸೀಮೆಸುಣ್ಣದ ಗೆರೆಯ ಈಚೆ, ಅಜ್ಜಿಯ ಹಾಗೇ ಕೆನ್ನೆಯುಬ್ಬಿಸಿಕೊಂಡು.

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಅತ್ತೆ ಗುಂಡಿಯನ್ನು ಹಿಡಿದು ಎಳೆದು ನೋಡಿದರು. ಎರಡು ಸಲ ಎಳೆದರು. "ಗಟ್ಟಿಯಾಗಿದೆ" ಎಂದರು.